ಈ ಕಾಗದ ಎಲ್ಲಿಗೆ ಹೋಗುತ್ತದೆ?

ಸೇನೆಯ ವೈದ್ಯಕೀಯ ದಳದಲ್ಲಿ ನರ್ಸಿಂಗ್ ಅಸಿಸ್ಟೆಂಟಾಗಿ ಸೇರಿ ಸುಬೇದಾರನಾಗಿ ನಿವೃತ್ತನಾದ ನಾನು, ಯುದ್ಧದ ಒತ್ತಡ ಸೈನಿಕನ ಮನಸ್ಸಿನಲ್ಲಿ ಹೇಗೆ, ಎಷ್ಟು ಕಾಲ ಉಳಿಯುತ್ತದೆ ಎಂಬುದನ್ನು ತಿಳಿಯಲು ಬೆಂಗಳೂರಿನ ಸಂಸ್ಥೆಯೊಂದು ಕೈಗೊಂಡಿದ್ದ ಅಧ್ಯಯನದಲ್ಲಿ ಪಾಲ್ಗೊಂಡೆ. ಅದರ ಬೆನ್ನಿಗೆ, ನನ್ನ ಇಚ್ಛೆಯಿಂದಲೇ, ಚಿಕಿತ್ಸೆಯನ್ನೂ ಪಡೆದೆ. ಸೈನಿಕ ಇಂಥ ವಿಷಯಗಳಲ್ಲಿ ಬಾಯಿ ಬಿಡುವುದಿಲ್ಲ, ಅವನಿಗೆ ನಾಚಿಕೆ, ಗಂಡಸೆಂಬ ಅಭಿಮಾನ ಎಂದು ಬರೆದು ಮುಗಿಸುವ ಲೇಖನಗಳನ್ನು ನಾನು ಸಾಕಷ್ಟು ಓದಿದ್ದೇನೆ. ನಾಚಿಕೆ ಇಲ್ಲವೆಂದಲ್ಲ. ಆದರೆ ಬಾಯಿ ಬಿಡುವ ಮುಂಚೆ ಸೈನಿಕ ಒಂದು ಲೆಕ್ಕ ಹಾಕುತ್ತಾನೆ: ನಾನು ಹೇಳಿದ್ದನ್ನು ಬರೆದುಕೊಳ್ಳುತ್ತಿರುವ ಈ ಕಾಗದ ನಾಳೆ ಯಾರ ಮೇಜಿನ ಮೇಲಿರುತ್ತದೆ? ಇಡೀ ಪ್ರಕ್ರಿಯೆಯುದ್ದಕ್ಕೂ ನನ್ನ ಜೊತೆಗಿದ್ದ ಪ್ರಶ್ನೆ ಅದೇ ಆದ್ದರಿಂದ, ನಡೆದುದನ್ನು ಆ ಪ್ರಶ್ನೆಯ ಜಾಡಿನಲ್ಲೇ ಬರೆಯುತ್ತಿದ್ದೇನೆ.

ನಾಗರಿಕ ಓದುಗರಿಗೆ ಈ ಲೆಕ್ಕ ಅರ್ಥವಾಗಬೇಕಾದರೆ ‘ಶೇಪ್’ (SHAPE) ಎಂಬ ಐದು ಇಂಗ್ಲಿಷ್ ಅಕ್ಷರಗಳ ವಿಷಯ ಹೇಳಬೇಕು. ಸೇನೆಯಲ್ಲಿ ಪ್ರತಿಯೊಬ್ಬನ ವೈದ್ಯಕೀಯ ದರ್ಜೆಯನ್ನು ಈ ಅಕ್ಷರಗಳಲ್ಲಿ ದಾಖಲಿಸುತ್ತಾರೆ. ಮೊದಲಿನ ‘ಎಸ್’ ಮನಸ್ಸಿಗೆ ಸಂಬಂಧಿಸಿದ್ದು; ಉಳಿದ ನಾಲ್ಕು ಕ್ರಮವಾಗಿ ಕಿವಿ, ಕೈಕಾಲು, ದೇಹದ ತಾಳಿಕೆ ಮತ್ತು ಕಣ್ಣುಗಳಿಗೆ. ಎಲ್ಲದರಲ್ಲೂ ಒಂದನೇ ದರ್ಜೆ ಇದ್ದವನು ‘ಶೇಪ್ ಒನ್’. ಮೊಣಕಾಲು ಕೆಟ್ಟು ದರ್ಜೆ ಇಳಿದವನನ್ನು ಕಂಡು ಯೂನಿಟ್ಟಿನಲ್ಲಿ ಯಾರೂ ಪಿಸುಗುಟ್ಟುವುದಿಲ್ಲ, ಆಟವಾಡುವಾಗ ಬಿದ್ದನೆಂದುಕೊಂಡು ಮರೆಯುತ್ತಾರೆ. ‘ಎಸ್’ ಇಳಿದವನ ಕತೆ ಬೇರೆ. ಅವನ ಕೈಗೆ ಆಯುಧ ಕೊಡಬಹುದೇ ಎಂಬ ಮಾತು ಏಳುತ್ತದೆ, ಬಡ್ತಿ ಮತ್ತು ಕೋರ್ಸುಗಳಿಗೆ ಅಡ್ಡಿಯಾಗುತ್ತದೆ, ಜೊತೆಗಾರರ ನಗೆಯ ಧಾಟಿಯೂ ಬದಲಾಗುತ್ತದೆ. ನಾನು ವೈದ್ಯಕೀಯ ದಳದವನಾದ್ದರಿಂದ ಇಂಥ ಕಾಗದಗಳನ್ನು ಎಷ್ಟೋ ಸಲ ನನ್ನ ಕೈಯಿಂದಲೇ ಕಳಿಸಿದ್ದೇನೆ. ನಿವೃತ್ತಿಗೆ ಮುಂಚಿನ ವೈದ್ಯಕೀಯ ಮಂಡಳಿಯ ಮುಂದೆ ನಿದ್ದೆ ಹೇಗಿದೆ ಎಂದು ಕೇಳಿದಾಗ ಚೆನ್ನಾಗಿದೆ ಎಂದು ನಾನು ಹೇಳಿದ್ದು ಆ ತಿಳಿವಳಿಕೆಯಿಂದಲೇ, ಮತ್ತು ಅದೇ ಕೋಣೆಯಲ್ಲಿ ಅದೇ ರೀತಿ ಮತ್ತೆ ಕೇಳಿದರೆ ಅದೇ ಉತ್ತರ ಕೊಡುತ್ತೇನೆ.

ರಾಮಮೂರ್ತಿನಗರದ ನಮ್ಮ ಮಾಜಿ ಸೈನಿಕರ ಸಂಘದ ತಿಂಗಳ ಸಭೆಗೆ ಒಬ್ಬ ಮನಃಶಾಸ್ತ್ರಜ್ಞೆಯೂ ಒಬ್ಬ ಸಮಾಜ ಕಾರ್ಯಕರ್ತರೂ ಬಂದು ಅಧ್ಯಯನದ ವಿಷಯ ತಿಳಿಸಿದರು. ಈ ಭಾಗದಲ್ಲಿ ಮದ್ರಾಸ್ ಎಂಜಿನಿಯರ್ ಗ್ರೂಪಿನ ನಿವೃತ್ತರು ಬಹಳ ಜನ. ಶ್ರೀಲಂಕಾಕ್ಕೆ ಹೋಗಿ ಬಂದವರು, ಸಿಯಾಚಿನ್ ಕಂಡವರು, ಕಾಶ್ಮೀರದಲ್ಲಿ ನೆಲಬಾಂಬು ತೆಗೆದವರು. ಮನಃಶಾಸ್ತ್ರಜ್ಞೆ ಮಾತು ಮುಗಿಸಿದ ಕೂಡಲೇ ಹಿಂದಿನ ಸಾಲಿನ ಹವಾಲ್ದಾರರೊಬ್ಬರು, “ಮೇಡಂ, ಇದು ರೆಕಾರ್ಡ್ ಆಫೀಸಿಗೆ ಹೋಗುತ್ತಾ?” ಎಂದು ಕೇಳಿದರು. ಪೆನ್ಷನ್ ಬರುತ್ತಿರುವ ಮನುಷ್ಯನಿಗೆ ಇನ್ನೇನು ಭಯ ಎಂದು ಮನಃಶಾಸ್ತ್ರಜ್ಞೆ ನಗಬಹುದಿತ್ತು, ನಗಲಿಲ್ಲ. “ಹೋಗಲ್ಲ ಸರ್. ಆದ್ರೆ ಬಾಯಲ್ಲಿ ಹೇಳಿದ್ರೆ ನೀವು ನಂಬಬೇಕಾಗಿಲ್ಲ, ಬರಹದಲ್ಲಿ ಕೊಡ್ತೀವಿ, ಓದಿ ನೋಡಿ,” ಎಂದರು. ನಾನು ಹೆಸರು ಕೊಟ್ಟದ್ದು ಆ ಎರಡನೆಯ ವಾಕ್ಯಕ್ಕೆ.

ಬರಹದಲ್ಲಿ ಕೊಟ್ಟದ್ದು ಕನ್ನಡದ ಮಾಹಿತಿ ಪತ್ರ ಮತ್ತು ಸಮ್ಮತಿ ಪತ್ರ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2017ರಲ್ಲಿ ಹೊರತಂದ ನೈತಿಕ ಮಾರ್ಗಸೂಚಿಯ ಪ್ರಕಾರ ಮನುಷ್ಯರನ್ನು ಒಳಗೊಂಡ ಯಾವ ಆರೋಗ್ಯ ಸಂಶೋಧನೆಯೂ ನೈತಿಕ ಸಮಿತಿಯ ಒಪ್ಪಿಗೆ ಇಲ್ಲದೆ ಶುರುವಾಗಬಾರದು. ಅದೇ ಮಾರ್ಗಸೂಚಿಯು ರಕ್ಷಣಾ ಪಡೆಯವರನ್ನು ವಿದ್ಯಾರ್ಥಿಗಳು, ಕೈಕೆಳಗಿನ ನೌಕರರು ಮತ್ತು ಕೈದಿಗಳ ಜೊತೆಗೇ ದುರ್ಬಲ ಸ್ಥಿತಿಯವರ ಪಟ್ಟಿಯಲ್ಲಿಟ್ಟಿದೆ. ಮೊದಲು ಓದಿದಾಗ ನನಗೆ ಸಿಟ್ಟೇ ಬಂತು. ಆಮೇಲೆ ಯೋಚಿಸಿದರೆ ಸರಿಯಾಗಿಯೇ ಇದೆ: ಮೇಲಧಿಕಾರಿ ‘ಸ್ವಯಂಪ್ರೇರಿತರಾಗಿ ಹತ್ತು ಜನ ಬನ್ನಿ’ ಎಂದಾಗ ಹತ್ತು ಜನ ಬರುವ ಜಾಗದಲ್ಲಿ ಸಮ್ಮತಿ ಎಂಬುದನ್ನು ಹೆಚ್ಚು ಎಚ್ಚರಿಕೆಯಿಂದ ತೂಗಬೇಕಾಗುತ್ತದೆ. ಅವರು ಸೇವೆಯಲ್ಲಿರುವವರನ್ನು ಬಿಟ್ಟು ನಿವೃತ್ತರನ್ನು ಮಾತ್ರ ಆರಿಸಿಕೊಂಡದ್ದಕ್ಕೂ ಇದೇ ಕಾರಣವೆಂದು ತಿಳಿಯಿತು.

ಸಮ್ಮತಿಯ ಮಾತುಕತೆಗೇ ಒಂದು ಬೆಳಗ್ಗೆ ಹಿಡಿಯಿತು. ನನ್ನ ಹೆಸರಿನ ಬದಲು ಒಂದು ಸಂಕೇತ ಸಂಖ್ಯೆ. ಹೆಸರನ್ನೂ ಸಂಖ್ಯೆಯನ್ನೂ ಜೋಡಿಸುವ ಪಟ್ಟಿ ಬೇರೆ ಬೀರುವಿನಲ್ಲಿ. ಉತ್ತರ ಪತ್ರಿಕೆಗಳ ಮೇಲೆ ಸೇನಾ ಸಂಖ್ಯೆಯಾಗಲಿ ಯೂನಿಟ್ಟಿನ ಹೆಸರಾಗಲಿ ಇಲ್ಲ. ಯಾವಾಗ ಬೇಕಾದರೂ ಕಾರಣ ಹೇಳದೆ ಹೊರನಡೆಯಬಹುದು. ಇದೆಲ್ಲ ನಿರೀಕ್ಷಿಸಿದ್ದೇ. ನಿರೀಕ್ಷಿಸದಿದ್ದದ್ದು, ಗೋಪ್ಯತೆಗೆ ಎಲ್ಲಿ ಕೊನೆ ಎಂಬುದನ್ನು ಅವರು ತಾವಾಗಿಯೇ ಮೊದಲು ಹೇಳಿದ್ದು. ನನ್ನ ಜೀವಕ್ಕೋ ಬೇರೆಯವರ ಜೀವಕ್ಕೋ ಅಪಾಯವಿದೆ ಎಂದು ಅವರಿಗೆ ತೋರಿದರೆ ಸುಮ್ಮನಿರುವುದಿಲ್ಲ, ಆದರೆ ಆಗಲೂ ಮೊದಲು ನನಗೆ ತಿಳಿಸಿಯೇ ಮುಂದುವರಿಯುತ್ತಾರೆ. ಎಲ್ಲವೂ ಸಂಪೂರ್ಣ ಗುಟ್ಟು ಎಂದಿದ್ದರೆ ನಾನು ನಂಬುತ್ತಿರಲಿಲ್ಲ. ಮಿತಿಯನ್ನು ಹೇಳಿದ್ದರಿಂದ ಉಳಿದದ್ದನ್ನು ನಂಬಿದೆ. ಎಂಜಲಿನ ಮಾದರಿ ಕೊಡುವುದಕ್ಕೆ ಬೇರೆಯೇ ಸಹಿ ಇತ್ತು. ಅದನ್ನು ಕೊಡುವುದಿಲ್ಲವೆಂದೆ, ಸರಿ ಎಂದು ಆ ಜಾಗದಲ್ಲಿ ಗೆರೆ ಎಳೆದರು.

ಮೊದಲು ಪ್ರಶ್ನಾವಳಿಗಳು. ಕುಡಿತದ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆಯ ಹತ್ತು ಪ್ರಶ್ನೆಗಳು, ಖಿನ್ನತೆಯ ಬಗ್ಗೆ ಒಂಬತ್ತು. ಅವನ್ನು ಬೇಗ ಮುಗಿಸಿದೆ. ಪಿಟಿಎಸ್‌ಡಿ ಎಂದು ಕರೆಯುವ ಆಘಾತೋತ್ತರ ಒತ್ತಡಕ್ಕಾಗಿ ‘ಪಿಸಿಎಲ್-5’ ಎಂಬ 20 ಪ್ರಶ್ನೆಗಳ ಪಟ್ಟಿ ಇತ್ತು. ಕಳೆದ ಒಂದು ತಿಂಗಳಲ್ಲಿ ಬೇಡದ ನೆನಪುಗಳು, ಕೆಟ್ಟ ಕನಸು, ದೂರವಿಟ್ಟ ಜಾಗಗಳು, ಸಿಟ್ಟು, ಬೆಚ್ಚಿಬೀಳುವುದು ಇವೆಲ್ಲ ಎಷ್ಟು ಕಾಡಿದವು ಎಂದು 0ಯಿಂದ 4ರವರೆಗೆ ಗುರುತು ಹಾಕಬೇಕು. ಒಟ್ಟು ಅಂಕ 80. ಸಾಮಾನ್ಯವಾಗಿ 31ರಿಂದ 33ರ ಆಸುಪಾಸನ್ನು ಗೆರೆಯೆಂದು ಇಟ್ಟುಕೊಳ್ಳುತ್ತಾರೆ. ಗೆರೆ ದಾಟಿದರೆ ಕಾಯಿಲೆ ಇದೆ ಎಂದಲ್ಲ, ಕೂತು ವಿವರವಾಗಿ ಮಾತನಾಡಬೇಕು ಎಂದಷ್ಟೇ ಅರ್ಥ. ನನ್ನ ಅಂಕ ಗೆರೆಯ ಮೇಲಿತ್ತು.

ವಿವರವಾದ ಸಂದರ್ಶನದಲ್ಲಿ ನಾನು ಎತ್ತಿದ ತಕರಾರು, ನಾನು ಒಂದು ಗುಂಡನ್ನೂ ಹಾರಿಸಿದವನಲ್ಲ, ನನ್ನನ್ನು ಈ ಪಟ್ಟಿಗೆ ಯಾಕೆ ಸೇರಿಸುತ್ತೀರಿ ಎಂಬುದಾಗಿತ್ತು. ಅಮೆರಿಕದ ಮನೋವೈದ್ಯರ ಸಂಘ 1980ರಲ್ಲಿ, ವಿಯೆಟ್ನಾಂ ಯುದ್ಧದಿಂದ ಮರಳಿದವರ ಒತ್ತಾಯವೂ ಸೇರಿ, ಪಿಟಿಎಸ್‌ಡಿಯನ್ನು ತನ್ನ ಕೈಪಿಡಿಗೆ ಸೇರಿಸಿತು. 2013ರ ಆವೃತ್ತಿಯಲ್ಲಿ, ಕೆಲಸದ ಭಾಗವಾಗಿ ದೇಹದ ಭಾಗಗಳನ್ನು ಆಯುವಂಥ ಅನುಭವಕ್ಕೆ ಮತ್ತೆ ಮತ್ತೆ ಒಳಗಾಗುವವರನ್ನೂ ಸ್ಪಷ್ಟವಾಗಿ ಹೆಸರಿಸಿತು ಎಂದು ಮನಃಶಾಸ್ತ್ರಜ್ಞೆ ವಿವರಿಸಿದರು. ಗಾಯಾಳುವಿನ ಜೊತೆ ಇರುವವನು ಯುದ್ಧವನ್ನು ಅದರ ಫಲಿತಾಂಶದ ಕಡೆಯಿಂದ ನೋಡುತ್ತಾನೆ ಎಂದು ನನಗೆ ಗೊತ್ತಿತ್ತು. ಅದಕ್ಕೂ ಒಂದು ಕಲಂ ಇದೆ ಎಂದು ಗೊತ್ತಿರಲಿಲ್ಲ.

ಕಾರ್ಗಿಲ್ ಯುದ್ಧದಲ್ಲಿ, 1999ರ ಜೂನ್‌ನಲ್ಲಿ, ನಾನು ದ್ರಾಸ್ ಬಳಿಯ ರೆಜಿಮೆಂಟಲ್ ಏಡ್ ಪೋಸ್ಟಿನಲ್ಲಿದ್ದೆ. ಯೂನಿಟ್ಟಿನ ಡಾಕ್ಟರು ಮತ್ತು ಬೆರಳೆಣಿಕೆಯ ನಮ್ಮಂಥವರು ಇರುವ, ಗಾಯಾಳುವನ್ನು ಮೊದಲು ತರುವ ಜಾಗ ಅದು. ತೋಲೊಲಿಂಗ್‌ನಂಥ ಶಿಖರಗಳ ಮೇಲಿನ ಹೋರಾಟ ರಾತ್ರಿ ನಡೆಯುತ್ತಿದ್ದುದರಿಂದ ಗಾಯಾಳುಗಳು ನಮ್ಮಲ್ಲಿಗೆ ಇಳಿಯುತ್ತಿದ್ದುದೂ ಕತ್ತಲಲ್ಲೇ, ಹೆಗಲ ಮೇಲೆ, ಗಂಟೆಗಟ್ಟಲೆ ನಡೆದು. ಡ್ರಿಪ್ಪಿನ ಬಾಟಲಿ ಹೆಪ್ಪುಗಟ್ಟದಂತೆ ಕೋಟಿನೊಳಗೆ ಇಟ್ಟುಕೊಂಡಿರುತ್ತಿದ್ದೆವು. ರಕ್ತ ನಿಲ್ಲಿಸಿ, ನೋವಿಗೆ ಮಾರ್ಫಿನ್ ಕೊಟ್ಟು, ಕೊಟ್ಟ ಹೊತ್ತನ್ನು ಬರೆದು, ಫೀಲ್ಡ್ ಮೆಡಿಕಲ್ ಕಾರ್ಡನ್ನು ಗಾಯಾಳುವಿಗೆ ಕಟ್ಟಬೇಕು. ಹಿಂದಿನ ಆಸ್ಪತ್ರೆಯವರು, ಕೊನೆಗೆ ಶ್ರೀನಗರದ 92 ಬೇಸ್ ಆಸ್ಪತ್ರೆಯವರು ಅವನ ಬಗ್ಗೆ ಮೊದಲು ಓದುವುದು ಆ ಕಾರ್ಡನ್ನೇ. ಕಾಗದ ಎಲ್ಲಿಗೆ ಹೋಗುತ್ತದೆ ಎಂಬ ಯೋಚನೆ ನನ್ನ ಕಸುಬಿನಲ್ಲೇ ಇತ್ತು ಎಂದು ಹೇಳಬಹುದು.

ಒಂದು ನಸುಕಿನಲ್ಲಿ ಚೀತಾ ಹೆಲಿಕಾಪ್ಟರ್ ಬಂದಾಗ ಇಬ್ಬರು ಸಿದ್ಧವಾಗಿದ್ದರು. ಚೀತಾ ಚಿಕ್ಕದು, ಮಲಗಿಸಿ ಒಯ್ಯುವ ಜಾಗ ಅದರಲ್ಲಿ ತೀರ ಕಡಿಮೆ. ಯಾರು ಮೊದಲು ಎಂದು ತೀರ್ಮಾನಿಸಿದವರು ಡಾಕ್ಟರ್ ಸಾಹೇಬರು. ತೀರ್ಮಾನ ಸರಿಯಾಗಿತ್ತು, ಇವತ್ತಿಗೂ ಸರಿ ಎನ್ನುತ್ತೇನೆ. ಉಳಿದವನ ಪಕ್ಕ ಕೂತವನು ನಾನು. ಮುಂದಿನ ಹೆಲಿಕಾಪ್ಟರಿನ ಸದ್ದು ಬರುವ ಹೊತ್ತಿಗೆ ಅವನ ಕಾರ್ಡಿನಲ್ಲಿ ನಾನು ಬರೆಯಬೇಕಾದದ್ದು ಬೇರೆಯೇ ಆಗಿತ್ತು. ಇಷ್ಟನ್ನು ನಾನು ನನ್ನ ಹೆಂಡತಿಗೂ ಹೇಳಿರಲಿಲ್ಲ. ಆ ಕೋಣೆಯಲ್ಲಿ ಹೇಳಿದೆ. ಮನಃಶಾಸ್ತ್ರಜ್ಞೆ ಸಮಾಧಾನದ ಮಾತು ಆಡದೆ, ಪ್ರಶ್ನೆಯ ಕ್ರಮವನ್ನು ಬಿಡದೆ, ಈ ನೆನಪು ಕಳೆದ ತಿಂಗಳು ಎಷ್ಟು ಸಲ ಬಂತು, ಬಂದಾಗ ಮೈಯಲ್ಲಿ ಏನಾಗುತ್ತದೆ, ಕೈಯಲ್ಲಿದ್ದ ಕೆಲಸ ಮುಂದುವರಿಸುತ್ತೀರಾ ಎಂದು ಕೇಳುತ್ತ ಹೋದರು. ಹೊರಗಿನವರಿಗೆ ಇದು ಕಲ್ಲುಮನಸ್ಸು ಎನ್ನಿಸಬಹುದು. ನನಗೆ ಅದು ಉಪಕಾರವಾಯಿತು. ಕರುಣೆ ತೋರಿಸಿದ್ದರೆ ಅವರನ್ನು ಸಮಾಧಾನ ಮಾಡುವ ಕೆಲಸ ನನ್ನ ಮೇಲೆ ಬೀಳುತ್ತಿತ್ತು.

ಸಂದರ್ಶನದ ನಡುವಿನ ಕಾಫಿಯ ಹೊತ್ತಿನಲ್ಲಿ ಅವರು ಹೇಳಿದ ಹಳೆಯ ಸಂಗತಿಯೊಂದು ನನ್ನನ್ನು ಹಿಡಿದಿಟ್ಟಿತು. ಮೊದಲ ಮಹಾಯುದ್ಧದಲ್ಲಿ, 1915ರ ಫೆಬ್ರುವರಿಯಲ್ಲಿ, ಚಾರ್ಲ್ಸ್ ಮೈಯರ್ಸ್ ಎಂಬ ವೈದ್ಯ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಶೆಲ್ ಶಾಕ್ ಎಂಬ ಹೆಸರಿನಲ್ಲಿ ಕೆಲವು ಸೈನಿಕರ ಸ್ಥಿತಿಯನ್ನು ವಿವರಿಸಿದರು. ಸ್ವಲ್ಪ ಕಾಲದಲ್ಲೇ ಬ್ರಿಟಿಷ್ ಸೇನೆ ಅಂಥವರನ್ನು ಎರಡು ಅಕ್ಷರಗಳಲ್ಲಿ ವಿಂಗಡಿಸಿತು. ಶತ್ರುವಿನ ಶೆಲ್ ಸಿಡಿದು ಆದದ್ದಾದರೆ ‘ಡಬ್ಲ್ಯು’, ಅಂದರೆ ಗಾಯಗೊಂಡವನು: ತೋಳಿಗೆ ಗಾಯದ ಪಟ್ಟಿ ಧರಿಸುವ ಹಕ್ಕು, ಪೆನ್ಷನ್ನಿನ ಹಕ್ಕು. ಇಲ್ಲವಾದರೆ ‘ಎಸ್’, ಅಂದರೆ ಕಾಯಿಲೆಯವನು: ಎರಡೂ ಇಲ್ಲ. ಕೈ ಒಂದೇ ರೀತಿ ನಡುಗುತ್ತಿದ್ದರೂ ಕಾಗದದ ಮೇಲಿನ ಅಕ್ಷರ ಜೀವನವನ್ನು ತೀರ್ಮಾನಿಸುತ್ತಿತ್ತು. 1917ರಲ್ಲಿ ಆ ಹೆಸರನ್ನೇ ಬಿಟ್ಟು, ‘ಇನ್ನೂ ನಿರ್ಣಯವಾಗಿಲ್ಲ, ನರದೌರ್ಬಲ್ಯ’ ಎಂಬರ್ಥದ ಚೀಟಿ ಅಂಟಿಸತೊಡಗಿದರು. ನಮ್ಮಲ್ಲಿಯೂ ಕಾಯಿಲೆ ಸೇವೆಯಿಂದ ಬಂದದ್ದೋ ಅಲ್ಲವೋ ಎಂಬ ವಾದ ನ್ಯಾಯಾಲಯಗಳವರೆಗೆ ಹೋಗುತ್ತಲೇ ಇದೆ. ಸೇರುವಾಗ ದಾಖಲಾಗಿರದ ಕಾಯಿಲೆಯನ್ನು ಸೇವೆಯಿಂದ ಬಂದದ್ದೆಂದೇ ಭಾವಿಸಬೇಕು, ಅಲ್ಲವೆಂದು ತೋರಿಸುವ ಹೊಣೆ ಸರ್ಕಾರದ್ದು, ಹೌದೆಂದು ತೋರಿಸುವ ಹೊಣೆ ಸೈನಿಕನದಲ್ಲ ಎಂದು 2013ರಲ್ಲಿ ಸುಪ್ರೀಂ ಕೋರ್ಟ್ ಧರಮ್‌ವೀರ್ ಸಿಂಗ್ ಪ್ರಕರಣದಲ್ಲಿ ಹೇಳಿದೆ.

ನನ್ನ ಅನುಮಾನವನ್ನು ಅವರ ವಿದ್ಯೆಯೇ ಅಳೆದು ನೋಡಿದೆ ಎಂದು ತಿಳಿದಾಗ ಆಶ್ಚರ್ಯವಾಯಿತು. ಇರಾಕ್‌ನಿಂದ ಮರಳಿದ ಅಮೆರಿಕದ ಪದಾತಿ ಬ್ರಿಗೇಡೊಂದರ ಸೈನಿಕರು ಕಡ್ಡಾಯವಾದ, ಹೆಸರು ಬರೆಯಲೇಬೇಕಾದ ಆರೋಗ್ಯ ತಪಾಸಣೆಯಲ್ಲಿ ಕೊಟ್ಟ ಉತ್ತರಗಳನ್ನೂ, ಹೆಸರಿಲ್ಲದ ಸಮೀಕ್ಷೆಯಲ್ಲಿ ಕೊಟ್ಟ ಉತ್ತರಗಳನ್ನೂ ಹೋಲಿಸಿದ ಅಧ್ಯಯನವೊಂದು 2011ರಲ್ಲಿ ಪ್ರಕಟವಾಗಿದೆ. ಖಿನ್ನತೆ, ಪಿಟಿಎಸ್‌ಡಿ, ಆತ್ಮಹತ್ಯೆಯ ಯೋಚನೆ, ಅಷ್ಟೇಕೆ, ಚಿಕಿತ್ಸೆ ಬೇಕು ಎಂಬ ಆಸೆಯೂ ಹೆಸರಿಲ್ಲದ ಕಾಗದದಲ್ಲಿ ಎರಡರಿಂದ ನಾಲ್ಕು ಪಟ್ಟು ಹೆಚ್ಚು ಕಂಡಿತು. ಅದಕ್ಕೂ ಮುಂಚೆ, 2004ರಲ್ಲಿ, ಚಾರ್ಲ್ಸ್ ಹೋಗ್ ಮತ್ತು ಸಂಗಡಿಗರು, ಮಾನಸಿಕ ತೊಂದರೆಯ ಲಕ್ಷಣಗಳಿದ್ದ ಸೈನಿಕರಲ್ಲಿ ನೆರವು ಕೋರಿದವರು ನೂರಕ್ಕೆ 23ರಿಂದ 40ರಷ್ಟು ಮಾತ್ರ ಎಂದೂ, ಹೆಸರು ಕೆಡುವ ಭಯ ಹೆಚ್ಚಾಗಿದ್ದದ್ದು ನೆರವು ಹೆಚ್ಚು ಬೇಕಿದ್ದವರಲ್ಲೇ ಎಂದೂ ತೋರಿಸಿದ್ದರು. ಬ್ರಿಟನ್ನಿನಲ್ಲಿ ಅಫ್ಘಾನಿಸ್ತಾನದಿಂದ ಮರಳಿದವರ ಮೇಲೆ ನಡೆದ ದೊಡ್ಡ ಪ್ರಯೋಗವೊಂದರಲ್ಲಿ ತಪಾಸಣೆಯ ನಂತರ ಪ್ರತಿಯೊಬ್ಬನಿಗೂ ಅವನಿಗೆ ತಕ್ಕ ಸಲಹೆ ಕೊಟ್ಟರೂ ನೆರವು ಕೇಳಿ ಹೋದವರ ಸಂಖ್ಯೆ ಹೆಚ್ಚಲಿಲ್ಲ. ಪ್ರಶ್ನೆಪತ್ರಿಕೆ ಹಂಚಿದ ಮಾತ್ರಕ್ಕೆ ಕೆಲಸ ಮುಗಿಯಿತು ಎನ್ನುವ ಅಧಿಕಾರಿಗಳಿಗೆ ಈ ಮೂರನ್ನೂ ಓದಿಸಬೇಕೆಂದು ನನ್ನ ಅಭಿಪ್ರಾಯ.

ಅಧ್ಯಯನದ ನನ್ನ ಪಾಲು ಮುಗಿದ ಮೇಲೆ, ಬೇಕಿದ್ದರೆ ಚಿಕಿತ್ಸೆಗೆ ಕಳಿಸಿಕೊಡುತ್ತೇವೆ, ಬೇಡವೆಂದರೂ ನಿಮ್ಮ ಉತ್ತರಗಳಿಗೆ ಬೆಲೆ ಕಡಿಮೆಯಾಗುವುದಿಲ್ಲ ಎಂದರು. ನಾನು ಕೇಳಿದ ಮೊದಲ ಪ್ರಶ್ನೆ ಯಾವುದೆಂದು ಓದುಗರು ಊಹಿಸಬಹುದು. ಚಿಕಿತ್ಸೆಯ ಕಡತ ಸಂಶೋಧನೆಯ ಕಡತದಿಂದ ಬೇರೆಯೇ ಇರುತ್ತದೆ, 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ರೋಗಿಯ ಗೋಪ್ಯತೆಯನ್ನು ಹಕ್ಕಾಗಿ ಕೊಟ್ಟಿದೆ ಎಂದು ತಿಳಿಸಿದರು. ಕಾಯ್ದೆ ಕೊಟ್ಟದ್ದನ್ನು ಕೌಂಟರು ಕಿತ್ತುಕೊಳ್ಳಬಹುದು ಎಂಬುದು ಮರುವಾರವೇ ಗೊತ್ತಾಯಿತು. ನಾನು ಹೋದ ಒಂದು ಆಸ್ಪತ್ರೆಯಲ್ಲಿ, ಅದರ ಹೆಸರು ಬೇಡ, ಗುಮಾಸ್ತರೊಬ್ಬರು ತುಂಬಿದ ಹಜಾರಕ್ಕೆ ಕೇಳುವಂತೆ “ಸೈಕಿಯಾಟ್ರಿ ಸಾಹೇಬ್ರು ಯಾರು?” ಎಂದು ಕೂಗಿದರು. ಬೆಂಗಳೂರಿನವರಿಗೆ ಈ ಕಷ್ಟ ಹೊಸದಲ್ಲ. ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ನರರೋಗ ವಿಭಾಗವೂ ಇರುವುದರಿಂದ, ಅಲ್ಲಿಗೆ ಹೋಗುವ ಎಷ್ಟೋ ಜನ ನೆರೆಯವರಿಗೆ ತಲೆನೋವಿಗೆ ತೋರಿಸುತ್ತಿದ್ದೇನೆ ಎನ್ನುತ್ತಾರೆ. ಒಂದೇ ಗೇಟಿನೊಳಗೆ ಎರಡೂ ಇರುವುದು ದೊಡ್ಡ ಅನುಕೂಲವೆಂದು ನಮ್ಮ ಸಂಘದಲ್ಲೇ ಮಾತಿದೆ. ನಾನು ಬೇರೆ ಕಡೆ ತೋರಿಸಿಕೊಂಡೆ.

ಚಿಕಿತ್ಸೆ ಎಂದರೆ ಎಡ್ನಾ ಫೋವಾ ಎಂಬ ಮನಃಶಾಸ್ತ್ರಜ್ಞೆ ರೂಪಿಸಿದ ವಿಧಾನ. ಪ್ರತಿ ಭೇಟಿ ಸುಮಾರು ಒಂದೂವರೆ ಗಂಟೆ. ಕಣ್ಣು ಮುಚ್ಚಿ ಆ ನಸುಕನ್ನು ಈಗ ನಡೆಯುತ್ತಿರುವಂತೆ ವಿವರಿಸಬೇಕು. ಮುಗಿದರೆ ಮತ್ತೆ ಮೊದಲಿನಿಂದ. ನಡುನಡುವೆ ಸಂಕಟ ಎಷ್ಟಿದೆ ಎಂದು 0ಯಿಂದ 100ರೊಳಗೆ ಹೇಳಬೇಕು. ಇದನ್ನೆಲ್ಲ ರೆಕಾರ್ಡ್ ಮಾಡಿಕೊಂಡು ಮನೆಯಲ್ಲಿ ದಿನವೂ ಕೇಳಬೇಕು. ಹುಣ್ಣನ್ನು ಮುಚ್ಚಿಟ್ಟರೆ ಮಾಯುವುದಿಲ್ಲ, ದಿನವೂ ತೆರೆದು ತೊಳೆಯಬೇಕು ಎಂದು ನಾನೇ ಜವಾನರಿಗೆ ಹೇಳುತ್ತಿದ್ದವನು. ಹಾಗಾಗಿ ತತ್ತ್ವವನ್ನು ಒಪ್ಪಲು ಕಷ್ಟವಾಗಲಿಲ್ಲ. ಕಷ್ಟವಾದದ್ದು ಆ ರೆಕಾರ್ಡಿಂಗ್. ಅದು ಯಾರ ಫೋನಿನಲ್ಲಿರುತ್ತದೆ ಎಂದು ಕೇಳಿದೆ. “ನಿಮ್ಮ ಫೋನಲ್ಲೇ ಸರ್, ನನ್ನ ಹತ್ರ ಪ್ರತಿ ಇರಲ್ಲ,” ಎಂದರು ಚಿಕಿತ್ಸಕಿ. ಅಲ್ಲಿಂದ ಮುಂದೆ ಡಾಕ್ಟರ್ ಸಾಹೇಬರು ಆಡಿದ ಮಾತುಗಳನ್ನೂ ಬಿಡದೆ ಹೇಳತೊಡಗಿದೆ. ಮೊದಲ ಕೆಲವು ವಾರ ನಿದ್ದೆ ಇನ್ನಷ್ಟು ಕೆಟ್ಟಿತು, ಮನೆಯಲ್ಲಿ ನನ್ನ ಜೊತೆ ಇರುವುದು ಸುಲಭವಿರಲಿಲ್ಲ. ಹೀಗಾಗಬಹುದೆಂದು ಮೊದಲೇ ಎಚ್ಚರಿಸಿದ್ದರಿಂದ ಬಿಟ್ಟು ಓಡಲಿಲ್ಲ.

ದೂರವಿಟ್ಟ ಜಾಗಗಳಿಗೆ ಮರಳುವುದು ಇನ್ನೊಂದು ಭಾಗ. ನನ್ನ ಪಟ್ಟಿಯ ತಳದಲ್ಲಿ ಹೋಟೆಲಿನ ಬಾಗಿಲಿಗೆ ಬೆನ್ನು ಮಾಡಿ ಕೂತು ದೋಸೆ ತಿನ್ನುವುದು. ಮಧ್ಯದಲ್ಲಿ ಆಸ್ಪತ್ರೆಯ ತುರ್ತು ವಿಭಾಗದ ಹೊರಗೆ ಕೂರುವುದು. ತುದಿಯಲ್ಲಿ ಹೆಲಿಕಾಪ್ಟರಿನ ಸದ್ದು. ಬೆಂಗಳೂರಿನಲ್ಲಿ ಆ ಸದ್ದಿಗೆ ಬರವಿಲ್ಲ. ಚೀತಾ ಮತ್ತು ಚೇತಕ್‌ಗಳನ್ನು ತಯಾರಿಸಿದ ಎಚ್‌ಎಎಲ್ ಇದೇ ಊರಿನದು, ಹಳೆಯ ವಿಮಾನ ನಿಲ್ದಾಣದ ರಸ್ತೆಯಲ್ಲಿ ಮಾರತ್ತಹಳ್ಳಿಯ ಕಡೆಯ ಭಾಗವನ್ನು ನಾನು ವರ್ಷಗಳಿಂದ ತಪ್ಪಿಸಿಯೇ ಓಡಾಡುತ್ತಿದ್ದೆ. ಅಲ್ಲಿ ಎಚ್‌ಎಎಲ್‌ನ ವಸ್ತುಸಂಗ್ರಹಾಲಯವಿದೆ, ಶಾಲೆಯ ಮಕ್ಕಳನ್ನು ಬಸ್ಸಿನಲ್ಲಿ ಕರೆತರುತ್ತಾರೆ. ಟಿಕೆಟ್ ಕೊಂಡು ಒಳಗೆ ಕೂತು, ಮೇಲೆ ಹಾರುವ ಸದ್ದು ಬಂದಾಗ ಎದ್ದು ಹೋಗದೆ ಅಂಕ ಬರೆದುಕೊಳ್ಳುವುದು ನನಗೆ ಕೊಟ್ಟ ಕೆಲಸ. ಮೊದಲ ಸಲ 90 ಎಂದು ಬರೆದೆ. ಎದ್ದು ಹೋಗದಿದ್ದರೆ ಸ್ವಲ್ಪ ಹೊತ್ತಿಗೆ ಅದು ತಾನಾಗಿ ಇಳಿಯುತ್ತದೆ ಎಂಬುದನ್ನು ನಂಬುವುದಕ್ಕೆ ಅಲ್ಲಿ ಕೂತು ನೋಡುವುದೊಂದೇ ದಾರಿ. ಜೊತೆಗೆ ಸರ್ಟ್ರಾಲಿನ್ ಮಾತ್ರೆಯನ್ನೂ ಕೆಲವು ಕಾಲ ತೆಗೆದುಕೊಂಡೆ. ಕೆಟ್ಟ ಕನಸುಗಳಿಗೆ ಪ್ರಾಜೋಸಿನ್ ಕೊಡಬಹುದಲ್ಲ ಎಂದು ನಾನೇ ಕೇಳಿದ್ದಕ್ಕೆ, ಅಮೆರಿಕದ ಮಾಜಿ ಸೈನಿಕರಲ್ಲಿ ನಡೆದು 2018ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗದಲ್ಲಿ ಅದು ಹುಸಿಮಾತ್ರೆಗಿಂತ ಮೇಲೆನಿಸಲಿಲ್ಲ ಎಂದು ಮನೋವೈದ್ಯರು ಹೇಳಿದರು.

ಕೊನೆಯ ಅಳತೆಯಲ್ಲಿ ನನ್ನ ಅಂಕ ಗೆರೆಯ ಕೆಳಗೆ ಬಂದಿತ್ತು. ಸದ್ದಿಗೆ ಈಗ ತಲೆ ಎತ್ತಿ ನೋಡುತ್ತೇನೆ, ಅಷ್ಟೆ. ಬೆಳಗಿನ ಜಾವ ಎಚ್ಚರವಾಗುವುದು ಮಾತ್ರ ಹಾಗೆಯೇ ಇದೆ.

ಸೇವೆಯಲ್ಲಿರುವ ಹುಡುಗರು ರಜೆಗೆ ಬಂದಾಗ ನನ್ನನ್ನು ಕೇಳುತ್ತಾರೆ. 2022ರ ಅಕ್ಟೋಬರ್ 10ರಂದು ಶುರುವಾದ, ಫೋನಿನಲ್ಲೇ ಮಾನಸಿಕ ನೆರವು ಕೊಡುವ ಸರ್ಕಾರದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಯನ್ನು ಅವರಿಗೆ ಕೊಡುತ್ತೇನೆ. ಸಶಸ್ತ್ರ ಪಡೆಯವರಿಗಾಗಿಯೇ ಪುಣೆಯ ಸೇನಾ ವೈದ್ಯಕೀಯ ಕಾಲೇಜಿನಲ್ಲಿ 2023ರ ಡಿಸೆಂಬರ್‌ನಲ್ಲಿ ಅದರ ಪ್ರತ್ಯೇಕ ಘಟಕ ತೆರೆದಿರುವುದನ್ನೂ ಹೇಳುತ್ತೇನೆ. “ಸಾಬ್, ನಂಬರ್ ರೆಕಾರ್ಡ್ ಆಗುತ್ತಾ?” ಎಂಬುದೇ ಅವರ ಮರುಪ್ರಶ್ನೆ. ಫೋನು ಎತ್ತಿದವರನ್ನೇ ಮೊದಲು ಆ ಪ್ರಶ್ನೆ ಕೇಳು, ಉತ್ತರ ಒಪ್ಪಿಗೆಯಾದರೆ ಉಳಿದದ್ದನ್ನು ಹೇಳು ಎನ್ನುತ್ತೇನೆ.

ಅಧ್ಯಯನ ಮುಗಿದ ಮೇಲೆ ಪಾಲ್ಗೊಂಡವರನ್ನು ಕರೆದು ಅಭಿಪ್ರಾಯ ಕೇಳುವ ಸಭೆಯೊಂದು ನಡೆಯಿತು. ಹೆಂಡತಿಯರನ್ನೂ ಬರಹೇಳಿದ್ದರು. ಊಟದ ಮುಂಚೆ ನನ್ನ ಮನೆಯಾಕೆ ಎದ್ದು ನಿಂತು, ಇವರಿಗೆ ಕೇಳಿದ ಪ್ರಶ್ನೆಗಳನ್ನು ಇವರ ಬಗ್ಗೆ ನಮಗೂ ಕೇಳಬೇಕಿತ್ತು, ಆದರೆ ಇವರು ಎದುರಿಗಿಲ್ಲದಾಗ ಕೇಳಬೇಕು ಎಂದಳು. ಸಂಶೋಧಕರು ಒಪ್ಪಿದರು. ಅದಕ್ಕೆ ಹೊಸ ಸಮ್ಮತಿ ಪತ್ರ, ನೈತಿಕ ಸಮಿತಿಯ ಹೊಸ ಒಪ್ಪಿಗೆ ಬೇಕು, ಅರ್ಜಿ ಹಾಕುತ್ತೇವೆ ಎಂದರು. “ನಾನು ಹೇಳಿದ್ದು ಇವರಿಗೆ ತೋರಿಸ್ತೀರಾ?” ಎಂದು ಅವಳು ಕೇಳಿದಳು. ತೋರಿಸುವುದಿಲ್ಲವೆಂದರು. ಬರಹದಲ್ಲಿ ಕೊಡಿ ಎಂದಳು.